ಹತ್ತೊಂಬತ್ತು ಹಸಿರು ಚೂರು

ಬಿಸ್ಕೀಟಿನ ಡಬ್ಬಿ. ಮುಚ್ಚಳಕ್ಕೆ ತುಕ್ಕು.
ಪಾಸ್ಕೊಲಿನ್ ಅದನ್ನು ನನ್ನ ಅಂಗಡಿಯ ಕಟ್ಟೆಯ ಮೇಲೆ ಸುರಿದಾಗ
ಮೆಟ್ಟಿಲಲ್ಲಿ ಮಲಗಿದ್ದ ಬೆಕ್ಕು ಒಂದು ಕಣ್ಣು ತೆರೆಯಿತು.
ಎಣಿಸಿದೆ: ಹತ್ತೊಂಬತ್ತು ಹಸಿರು ಚೂರು.
‘ಒಂದು ಮಾತ್ರ ಆಕಾಶದ್ದು,
ಉಳಿದದ್ದೆಲ್ಲ ನಮ್ಮ ಸಮುದ್ರದ್ದು.
ಯಾವುದು ಹೇಳು ಬಾಯೆ.’

ಅವಳ ಗಂಡ ಇನಾಸ್, ಹಡಗಿನ ಎಂಜಿನ್ ಕೋಣೆಯವನು,
ಹ್ಯಾಂಬರ್ಗ್ ಬಂದರಿನಲ್ಲಿ ಎರಡು ತಿಂಗಳ ಸಂಬಳ ಸುರಿದು
ತಂದಿದ್ದನಂತೆ ಅದನ್ನು, ಬೆಂಕಿಪೊಟ್ಟಣದಲ್ಲಿ, ಹತ್ತಿ ಹಾಸಿ.
ಬಳೆ ಬರುತ್ತದೆಂದು ಕಾದಿದ್ದ ಸುಂಕೇರಿಯ ಮನೆಯಲ್ಲಿ
ಆ ರಾತ್ರಿ ಯಾರೂ ಮಾತಾಡಲಿಲ್ಲ.
‘ಗಾಜು ತರೋದಕ್ಕೆ ಅಷ್ಟು ದೂರ ಹೋಗಬೇಕಿತ್ತಾ’
ಎಂದಳು ಅತ್ತೆ, ಮೂರು ದಿನ ಬಿಟ್ಟು.

ಆಮೇಲೆ ಅವನು, ಹಟಕ್ಕೋ ನಾಚಿಕೆಗೋ,
ಊರಲ್ಲಿದ್ದಾಗೆಲ್ಲ ಆದಿತ್ಯವಾರ ಇಗರ್ಜಿಯಿಂದ ನೇರ
ಬೈತಖೋಲದ ದಂಡೆಗೆ ಹೋಗಿ, ಬಗ್ಗಿ ನಡೆದು,
ಸೋಡಾ ಬಾಟಲಿ, ಬಿಯರ್ ಬಾಟಲಿ, ಔಷಧದ ಶೀಶೆ,
ಅಲೆ ಉಜ್ಜಿ ಉಜ್ಜಿ ಮೊಂಡಾಗಿಸಿದ ಚೂರು ಆಯ್ದು
ಅದರ ಜೊತೆಗೆ ಹಾಕತೊಡಗಿದ.
ಒಂಟಿ ಇರೋದು ಬೇಡ ಅಂತ.

ಅಪ್ಪನ ಭೂತಗನ್ನಡಿ ಕಣ್ಣಿಗೊತ್ತಿ ಕೂತೆ.
ನಾನು ಚಿನ್ನ ಬಲ್ಲವಳು. ಒರೆಗಲ್ಲಿನ ಮೇಲೆ ಒಂದು ಗೀಟು ಸಾಕು.
ಗಾಜಿಗೆ ಒರೆಗಲ್ಲು ಏನು ಹೇಳೀತು?
ಸಣ್ಣ ತಂತಿಗೆ ಕಟ್ಟಿ, ಲೋಟದ ನೀರಲ್ಲಿ ಮುಳುಗಿಸಿ
ಒಂದೊಂದನ್ನೇ ತೂಗಿದೆ.
ಹನ್ನೆರಡನೆಯದು
ಇರಬೇಕಾದಷ್ಟು ಭಾರ ಇರಲಿಲ್ಲ.

ಮೇಲಿಂದ ಬಿದ್ದದ್ದು ಭಾರವೇ ಇರುತ್ತದೆಂದು
ನನಗೆ ಯಾರು ಹೇಳಿದ್ದರೋ.

ಮೈ ತುಂಬ ಸುಕ್ಕು, ಗುಳಿ,
ಇಳಿತದ ಹೊತ್ತು ಕಾಳಿಯ ಬಾಯಲ್ಲಿ
ಬಳಚು ತೋಡಿ ಬಿಟ್ಟುಹೋದ ಕೆಸರಿನ ಹಾಗೆ.
ಬೆಳಕಿಗೆ ಹಿಡಿದರೆ ಒಳಗೆ ಎಳೆ ಎಳೆ,
ಪಾಕವನ್ನು ಒಂದೇ ಸುತ್ತು ತಿರುವಿ ಕೈಬಿಟ್ಟಂತೆ.
ಬಾಟಲಿ ಚೂರಿನ ಗುಳ್ಳೆ ದುಂಡಗೆ ಕೂತಿರುತ್ತದೆ;
ಇದರವು ಉದ್ದಕ್ಕೆ ಎಳೆದಿದ್ದವು,
ಓಡುತ್ತಿರುವಾಗಲೇ ಸಿಕ್ಕಿಬಿದ್ದಂತೆ.

ಓದಿದ್ದಷ್ಟನ್ನು ಹೇಳಿದೆ:
ಒಂದೂವರೆ ಕೋಟಿ ವರ್ಷದ ಹಿಂದೆ
ಜರ್ಮನಿಯ ನೆಲಕ್ಕೆ ಒಂದು ಉಲ್ಕೆ ಬಡಿಯಿತು.
ಬಡಿದದ್ದು ಇದಲ್ಲ. ಅದು ಆವಿಯಾಗಿ ಹೋಯಿತು.
ಇದು ಅಲ್ಲಿ ಸುಮ್ಮನೆ ಬಿದ್ದಿದ್ದ ಮರಳು.
ಕರಗಿ, ಚಿಮ್ಮಿ,
ಗಾಳಿ ತೆಳುವಾಗುವಷ್ಟು ಎತ್ತರದಲ್ಲಿ ಗಟ್ಟಿಯಾಗಿ
ನೂರಾರು ಮೈಲಿ ಆಚೆ ಬೊಹೀಮಿಯಾದಲ್ಲಿ ಉದುರಿತು.
ಗುಳ್ಳೆಯೊಳಗೆ ಈಗಲೂ ಅಲ್ಲಿಯದೇ ಉಸಿರು, ತುಂಬ ತೆಳು.

‘ಹಾಗಾದರೆ ಆಕಾಶದ್ದಲ್ಲ’ ಎಂದಳು ಪಾಸ್ಕೊಲಿನ್.
‘ನೆಲದ್ದೇ. ಹೋಗಿ ಬಂದದ್ದು.’

ಕೊಳ್ಳುವವರಿದ್ದಾರೆ, ಗ್ರಾಮಿನ ಲೆಕ್ಕ,
ನಕಲಿ ಬಹಳ, ಅಸಲಿ ಎಂದು ಚೀಟಿ ಬರೆದುಕೊಡುತ್ತೇನೆ ಎಂದೆ.
ಅಷ್ಟರಲ್ಲಿ ಅವಳು ಹತ್ತೊಂಬತ್ತನ್ನೂ ಬಾಚಿ
ಡಬ್ಬಿಗೆ ಹಾಕಿ ಗಲಗಲ ಕುಲುಕಿಬಿಟ್ಟಿದ್ದಳು,
ನನ್ನ ಒಂದು ತಾಸಿನ ಕೆಲಸ.

‘ಅವರು ಕಣ್ಣು ಮುಚ್ಚಿ ಕೈ ಹಾಕೋರು.
ಒಂದೇ ಸಲಕ್ಕೆ ಅದೇ ಸಿಗೋದು.
ಹೇಗೆ ಅಂತ ಕೇಳಲಿಲ್ಲ ನಾನು.
ಸಿಟ್ಟಿತ್ತಲ್ಲ.’

ಕಣ್ಣು ಮುಚ್ಚಿದಳು.
ಸಿಗಡಿ ಸುಲಿದು ಸುಲಿದು ಗೀರು ತುಂಬಿದ ಬೆರಳು
ಡಬ್ಬಿಯೊಳಗೆ ತಡಕಿ ಎತ್ತಿದ್ದು
ಸೋಡಾ ಬಾಟಲಿಯ ಕತ್ತು.
ಹೌದು ಎನ್ನಲು ನಾನು ಬಾಯಿ ತೆರೆದೆ,
ಒರೆ ಹಚ್ಚುವ ಮನೆತನದವಳು.

‘ಸುಮ್ಮನಿರು. ಇದಲ್ಲ. ಇದು ನುಣ್ಣಗಿದೆ.’

ಮತ್ತೆ ಕುಲುಕಿದಳು.
ಅವಳು ಹತ್ತಬೇಕಿದ್ದ ಕದ್ರಾ ಬಸ್ಸು
ಹಾರ್ನು ಹೊಡೆದುಕೊಂಡು ಹೋಯಿತು.